ಕಾಫಿ ಡಬ್ಬಿಯೊಳಗೆ ಮೆಣಸಿನ ಸಸಿ

ಕಬ್ಬಿಣ ಎರಕ ಹೊಯ್ಯುವ ನಮ್ಮ ಫೌಂಡ್ರಿಯಲ್ಲಿ ಯಾವುದೂ ಕಸವಲ್ಲ. ಒಡೆದ ಎರಕ ಮತ್ತೆ ಭಟ್ಟಿಗೆ, ಉಸುಕು ಮತ್ತೆ ಅಚ್ಚಿಗೆ. ಅಂಥಲ್ಲಿಗೆ ಕಪ್ಪಿಗೊಂದು ಡಬ್ಬಿ ಬಿಸಾಡುವ ಕಾಫಿ ಯಂತ್ರ ಬಂದರೆ ನಗುವುದಕ್ಕೆ ಬೇರೆ ಕಾರಣ ಬೇಕೆ? ನಾನಂತೂ ನಿವೃತ್ತನಾದ ಮೇಲೂ ನಗುತ್ತಲೇ ಇದ್ದೇನೆ.

ಬಾಳೆಹಣ್ಣು

ಎರಡು ಸಾವಿರದ ಇಸವಿಯ ಆಸುಪಾಸು. ನಮ್ಮ ಎರಕ ಕೊಳ್ಳುವ ಜರ್ಮನಿಯ ಗಿರಾಕಿ ಮಾಲಕರಿಗೆ ಆ ಯಂತ್ರ ಕಾಣಿಕೆ ಕೊಟ್ಟ. ಹೆಬ್ಬೆಟ್ಟಿನಷ್ಟು ಅಲ್ಯುಮಿನಿಯಂ ಡಬ್ಬಿಯಲ್ಲಿ ಕಾಫಿಪುಡಿ. ಗುಂಡಿ ಒತ್ತಿದರೆ ಕಪ್ಪಿಗೆ ಕಾಫಿ, ಖಾಲಿ ಡಬ್ಬಿ ಬುಟ್ಟಿಗೆ. ನಮಗೆ ಚಹಾ ಮಾಡಿಕೊಡುವ ಖಾಸಬಾಗ ಓಣಿಯ ಅಕ್ಕ ಅದನ್ನು ನೋಡಿ ಅಂದಳು:

"ಒಂದ ಬಾಳೆಹಣ್ಣ ತಿನ್ನಾಕ ಒಂದ ಗಿಡಾ ಕಡದಂಗಾತಲ್ರಿ ಸರ."

ದೀಪಾವಳಿ ಮುಗಿದ ಮೇಲೆ ದೊಡ್ಡ ಆರ್ಡರ್ ಕೊಡಲು ಆ ಗಿರಾಕಿ ಮತ್ತೆ ಬರುವವನಿದ್ದ. ಅವನಿಗೆಂದು ಹನ್ನೆರಡು ತುಂಬಿದ ಡಬ್ಬಿ ಕಪಾಟಿನಲ್ಲಿ ಎತ್ತಿಡಿ ಎಂದು ಮಾಲಕರು ಅದರ ಕೀಲಿಯನ್ನು ಸ್ಟೋರ್ ನೋಡಿಕೊಳ್ಳುತ್ತಿದ್ದ ನನ್ನ ಕೈಗಿತ್ತರು.

ಭಟ್ಟಿ

ವಾರದಲ್ಲಿ ಖಾಲಿ ಡಬ್ಬಿ ಒಂದು ಬಕೆಟ್ ತುಂಬಿತು. ರೂಢಿಯಂತೆ ಭಟ್ಟಿಗೆ ಕಳಿಸಿದೆ. ಭಟ್ಟಿ ನೋಡಿಕೊಳ್ಳುವ ಖಾನಾಪುರದ ಮಿಸ್ತ್ರಿ ಬಕೆಟ್ ಸಮೇತ ವಾಪಸು ಬಂದ.

"ಸಾಹೇಬ್ರ, ಇದು ಬೀಡ ಕಬ್ಬಿಣದಾಗ ಬೀಳೂ ಮಾಲ ಅಲ್ಲ. ಮತ್ತ ಒಳಗ ನೀರ ಹಿಡದ ಕಾಫಿಪುಡಿ ಐತಿ. ಭಟ್ಟಿ ಸಿಡೀತಂದ್ರ ನಾ ಸೀದಾ ಕೈಲಾಸಕ್ಕ. ಅಲ್ಲಿ ಕಾಫಿ ಸಿಗತೈತೋ ಇಲ್ಲೋ."

ಗುಜರಿಯವನಿಗೆ ಮಾರಹೋದರೆ ಅವನು ಪುಡಿ ತೆಗೆದು ಕೊಡಿ ಎಂದ. ಬಿ.ಎಸ್ಸಿ. ಪಾಸಾದ ನಾನು ಹೇರ್‌ಪಿನ್ ಹಿಡಿದು ಇಡೀ ಮಧ್ಯಾಹ್ನ ಕೆರೆದೆ. ಬಂದದ್ದು ಬೊಗಸೆ ಅಲ್ಯುಮಿನಿಯಂ. ಗುಜರಿಯವನು ಅದನ್ನೂ ನೋಡಿದ, ನನ್ನನ್ನೂ ನೋಡಿದ. "ಸಾಹೇಬ್ರ, ರಿಟೈರ್ ಆಗಾಕ ಇನ್ನೂ ಎಷ್ಟ ವರ್ಷ ಐತ್ರಿ?"

ಕಿಡಕಿ

ಕೊನೆಗೆ ಡಬ್ಬಿಯಲ್ಲಿ ಸಸಿ ಬೆಳೆಸುವ ಉಪಾಯ ಹೊಳೆದದ್ದು ನನಗೇ. ಮಿಸ್ತ್ರಿ ಊರಿಂದ ಮೆಣಸಿನ ಬೀಜ ತಂದ, ಅಕ್ಕ ಡಬ್ಬಿಗೆ ಮಣ್ಣು ತುಂಬಿ ಬಿತ್ತಿದಳು. ಗಿರಾಕಿಯ ಕಣ್ಣು ಕುಕ್ಕಬೇಕೆಂದು ನಾನು ಹುಕುಂ ಕೊಟ್ಟೆ: "ಅಕ್ಕಾ, ಇದ್ದಬದ್ದ ಡಬ್ಬಿಗೆಲ್ಲಾ ಸಸಿ ಹಚ್ಚು. ಕಿಡಕಿ ತುಂಬಬೇಕು." ಕಪಾಟಿನಲ್ಲಿದ್ದ ಮಣ್ಣಿನ ಚೀಲಕ್ಕೆಂದು ಕೀಲಿಯನ್ನೂ ಕೊಟ್ಟೆ.

ಗಿರಾಕಿ

ಗಿರಾಕಿ ಬಂದ. ಬಂದವನೇ ಖಾಲಿ ಡಬ್ಬಿ ಏನು ಮಾಡುತ್ತೀರಿ, ನಮ್ಮಲ್ಲಿ ಅದೇ ದೊಡ್ಡ ತಲೆನೋವು ಎಂದ. ಎದೆಯುಬ್ಬಿಸಿ ಕಿಡಕಿ ತೋರಿಸಿದೆ. ಹಸಿರೋ ಹಸಿರು. ಫೋಟೋ ತೆಗೆದುಕೊಂಡ, ನನ್ನ ಬೆನ್ನು ತಟ್ಟಿದ, ಇನ್ನು ಕಾಫಿ ಆಗಲಿ ಎಂದ.

ಕಪಾಟು ತೆಗೆದೆ. ಒಂದು ಡಬ್ಬಿಯೂ ಇಲ್ಲ.

"ಕಿಡಕಿ ತುಂಬಲಿಲ್ಲರಿ ಸರ," ಅಂದಳು ಅಕ್ಕ. "ಹನ್ನೆರಡ ಕಡಿಮಿ ಬಿದ್ದಿದ್ವು. ಕಪಾಟಿನ್ಯಾಗಿದ್ದ ಹನ್ನೆರಡನ್ನೂ ಕೊರದು ಬೀಜಾ ಹಾಕೀನಿ. ಆ ಸಸಿನಽ ಭಾಳ ಛಲೋ ಬಂದಾವು."

ಮಾಲಕರು ನನ್ನತ್ತ ನೋಡಿದ ನೋಟಕ್ಕೆ ಬೀಡು ಕರಗುತ್ತಿತ್ತು. ಆರ್ಡರ್ ಹೋಯಿತೆಂದೇ ಲೆಕ್ಕ ಹಾಕಿದೆ. ಅಷ್ಟರಲ್ಲಿ ಅಕ್ಕ ಬೆಲ್ಲ ಹಾಕಿ ಕಾಫಿ ಕುದಿಸಿ ಸ್ಟೀಲ್ ಲೋಟದಲ್ಲಿ ತಂದಿಟ್ಟಳು. ಗಿರಾಕಿ ಗುಟುಕರಿಸಿದ, ಇನ್ನೊಂದು ಲೋಟ ಕೇಳಿದ, ಅದು ಮುಗಿಯುವುದರೊಳಗೆ ಆರ್ಡರ್‌ಗೆ ಸಹಿ ಹಾಕಿದ. ಆಮೇಲೆ ನಗುತ್ತ, ಈ ಕಾಫಿಯ ಖಾಲಿ ಡಬ್ಬಿ ಎಲ್ಲಿ ಎಂದು ಕೇಳಿದ. ನಾನು ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ.

ಅಕ್ಕ ಅವನ ಕೈಯಿಂದ ಲೋಟ ತಗೊಂಡು, ತೊಳೆದು, ಮೇಜಿನ ಮೇಲೆ ಬೋರಲು ಹಾಕಿದಳು.

"ಇದಽ ಐತಲ್ರಿ. ನನ್ನ ಮದಿವ್ಯಾಗ ಕೊಟ್ಟಿದ್ದು. ಇನ್ನೂ ಖಾಲಿ ಆಗಿಲ್ಲ ಅಂತ ಹೇಳ್ರಿ ಅವರಿಗೆ."