ಬಿಸಿಲಿಗೆ ಹಚ್ಚುವ ಕಷಾಯ

ಗಿಡದಿಂದ ಬಂದದ್ದು ಎಂದರೆ ಸಾಕು, ನಮ್ಮ ಜನರಿಗೆ ಅದರ ಮೇಲೆ ಎಲ್ಲಿಲ್ಲದ ನಂಬಿಕೆ. ಉಮ್ಮತ್ತಿಯೂ ಗಿಡವೇ, ತುರಚಿಯೂ ಗಿಡವೇ ಎಂದು ಯಾರಾದರೂ ನೆನಪಿಸಿದರೆ ಅವರನ್ನು ಅಪಶಕುನದವರಂತೆ ನೋಡುತ್ತಾರೆ. ಈ ನಂಬಿಕೆಯಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ, ಇದರಿಂದಲೇ ನನ್ನ ನೆಮ್ಮದಿಯೂ ಹಾಳಾಗಿದೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದ ನಾನು ಗೋವೆಗೆ ಬಂದು, ಕುಡಚಡೆಯ ಹತ್ತಿರ ಸೋಪು, ಎಣ್ಣೆ, ಕ್ರೀಮು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೇನೆ. ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಅಲ್ಲಿ ಕೆಮಿಸ್ಟ್ ಎನ್ನುವವನು ನಾನೊಬ್ಬನೇ. ಕ್ರೀಮು ಚೆನ್ನಾಗಿ ಬಂದರೆ ಅದು ಮಾಲೀಕರ ಕಲ್ಪನೆ, ಕೆಟ್ಟರೆ ನನ್ನ ಕೈಗುಣ.

ಮಾಲೀಕರು ರಘುಬಾಬ. ಒಳ್ಳೆಯ ಮನುಷ್ಯ, ಆದರೆ ತಲೆಯೊಳಗೆ ಹೊಸ ವಿಚಾರ ಹೊಕ್ಕಿತೆಂದರೆ ಹೊರಗೆ ಬರುವ ದಾರಿ ಅದಕ್ಕೆ ಸಿಗುವುದಿಲ್ಲ. ಒಂದು ದಿನ ಬಂದವರೇ ಬಿಸಿಲಿನ ಕ್ರೀಮು ಮಾಡಬೇಕು, ಅದರಲ್ಲಿ ಗಿಡದ ರಸ ಬಿಟ್ಟು ಬೇರೇನೂ ಇರಬಾರದು ಎಂದರು. ಕಿರಣ ತಡೆಯುವ ಮುಖ್ಯ ಕೆಲಸಕ್ಕೆ ಸತುವಿನ ಬಿಳಿ ಪುಡಿ ಬೇಕು, ಗಿಡದ ರಸ ಹೆಚ್ಚೆಂದರೆ ಅದಕ್ಕೆ ಕೈಜೋಡಿಸೀತು ಎಂದು ನಾನು ವಿನಯದಿಂದಲೇ ಹೇಳಿದೆ. ಅವರು ಕಿಟಕಿಯಾಚೆಯ ಗೇರುಮರ ತೋರಿಸಿ, "ಅದು ದಿನವಿಡೀ ಬಿಸಿಲಲ್ಲೇ ನಿಂತಿದೆ. ಅದಕ್ಕೆ ಯಾರು ಸತು ಹಚ್ಚುತ್ತಾರೆ?" ಎಂದರು. ಉತ್ತರ ನನಗೆ ಗೊತ್ತಿತ್ತು. ಆದರೆ ಇಂಥ ಪ್ರಶ್ನೆಯ ಮುಂದೆ ಎಂಥ ಉತ್ತರವೂ ಪೆಚ್ಚಾಗಿಯೇ ಕೇಳಿಸುತ್ತದೆ.

ಹೀಗೆ ನಾನು ದಾಳಿಂಬೆ ಸಿಪ್ಪೆ, ಚಹಾ ಎಲೆ, ನುಗ್ಗೆಸೊಪ್ಪುಗಳ ಪಾಲಾದೆ. ಗಾಜಿನ ನಳಿಕೆಯಲ್ಲಿ ರಸ ಹಾಕಿ ಅತಿನೇರಳೆ ಕಿರಣ ಅಳೆಯುವ ಯಂತ್ರದಲ್ಲಿಟ್ಟರೆ ಆ ರಸ ಕಿರಣಗಳನ್ನು ಗಟಗಟ ಕುಡಿದುಬಿಡುತ್ತಿತ್ತು. ಅಂದು ನಾನು ಯಂತ್ರಕ್ಕೆ ಕೈಮುಗಿದದ್ದೂ ಉಂಟು. ಅದೇ ರಸವನ್ನು ಕ್ರೀಮಿಗೆ ಬೆರೆಸಿ ತೆಳ್ಳಗೆ ಸವರಿ ನೋಡಿದರೆ ಕಿರಣಗಳು ಸಂತೆಗೆ ಹೊರಟವರಂತೆ ಸರಾಗವಾಗಿ ದಾಟುತ್ತಿದ್ದವು. ರಸ ಹೆಚ್ಚಿಸಿದೆ. ಕ್ರೀಮು ಕಂದು ಬಣ್ಣಕ್ಕೆ ತಿರುಗಿ ಕಷಾಯದ ವಾಸನೆ ಹೊಡೆಯಿತು. ಅರ್ಧ ದಿನ ಕಿಟಕಿಯಲ್ಲಿಟ್ಟರೆ ಕ್ರೀಮೇ ಬಿಸಿಲಿಗೆ ಕಂದಿತು. ಬಿಸಿಲಿನಿಂದ ನಮ್ಮನ್ನು ಕಾಯಬೇಕಾದದ್ದಕ್ಕೆ ನಾನೇ ನೆರಳು ಹುಡುಕಬೇಕಾಯಿತು. ಕೊನೆಗೆ ಒಂದು ಡಬ್ಬಿ ತುಂಬಿಕೊಂಡು ಫಾತೋರ್ಡಾದಲ್ಲಿರುವ ನನ್ನ ಮನೆಗೆ ತಂದು ಫ್ರಿಜ್ಜಿನಲ್ಲಿ, ಮೊಸರಿನ ಹಿಂದೆ ಇಟ್ಟೆ.

ಹೆಂಡತಿ ಶಕುಂತಲೆ ಮರುದಿನವೇ ಮುಚ್ಚಳ ತೆಗೆದು ಮೂಸಿದಳು. "ಏನ್ರಿ ಇದು, ಹುಗ್ಗಿ ಸೀದಂಗ ಐತಿ. ಹಾಲೆಲ್ಲಾ ಇದರ ನಾತ ಹಿಡದೈತಿ." ಎರಡು ದಿನ ಇರಲಿ ಎಂದು ಬೇಡಿಕೊಂಡೆ. ಅವಳು ಬೇಡಿಕೆಗೆ ಒಪ್ಪಿದಂತೆ ಸುಮ್ಮನಾದಳು. ನಮ್ಮ ಮದುವೆಯಾದ ಮೇಲೆ ಆ ಮೌನದ ಅರ್ಥ ನನಗೆ ಒಮ್ಮೆಯೂ ಸಮಯಕ್ಕೆ ಹೊಳೆದಿಲ್ಲ.

ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ಯಲ್ಲವ್ವ ಇದ್ದಾಳೆ, ಗದಗ ಕಡೆಯವಳು. ಕೋಲ್ವಾದ ಸಮುದ್ರದಂಡೆಯಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಾಳೆ. ವರ್ಷಗಟ್ಟಲೆ ಬಿಸಿಲಲ್ಲಿ ತಿರುಗಿ ಅವಳ ಕೆನ್ನೆಯ ಮೇಲೆ ಕಪ್ಪು ಕಲೆಗಳು ಎದ್ದಿವೆ. ಡಾಕ್ಟರು ಹಚ್ಚಲು ಹೇಳಿದ ಬಿಳಿ ಕ್ರೀಮು ಹಚ್ಚಿದರೆ ಬಯಲಾಟದ ವೇಷ ಕಟ್ಟಿದಂತಾಗುತ್ತದೆ, ಜೊತೆಯವರು ನಗುತ್ತಾರೆ ಎಂದು ಬಿಟ್ಟಿದ್ದಳು. ಶಕುಂತಲೆ ಫ್ರಿಜ್ಜಿನಲ್ಲಿದ್ದ ಡಬ್ಬಿಯನ್ನು ಅವಳ ಕೈಗೆ ಕೊಟ್ಟು, "ನಮ್ಮ ಮನಿಯಾವ್ರು ಮಾಡ್ಯಾರ ಯಲ್ಲಕ್ಕ. ಎಲ್ಲಾ ಗಿಡದ್ದು, ಏನೂ ತ್ರಾಸಿಲ್ಲ. ಭಾಳ ಚಲೋ ಐತಿ" ಎಂದಳಂತೆ. ಇಷ್ಟು ವರ್ಷದಲ್ಲಿ ಹೆಂಡತಿ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೂ ನಾನಿಲ್ಲದಾಗ, ಅದೂ ಸುಳ್ಳು.

ಯಲ್ಲವ್ವ ನಂಬಿದಳು. ದಿನಾ ಮುಖಕ್ಕೆ ಸುತ್ತಿಕೊಳ್ಳುತ್ತಿದ್ದ ಬಟ್ಟೆಯನ್ನು ಚೀಲದಲ್ಲಿಟ್ಟು, ನನ್ನ ಕಷಾಯ ಬಳಿದುಕೊಂಡು, ಇಡೀ ಹಗಲು ಮರಳಿನ ಮೇಲೆ ತಿರುಗಿದಳು. ಸಂಜೆ ನಮ್ಮ ಬಾಗಿಲಿಗೆ ಬಂದಾಗ ಅವಳ ಮುಖ ಹುರಿದ ಮೆಣಸಿನಕಾಯಿಯಂತಾಗಿತ್ತು.

"ಸರ್ರ, ಇದು ಬಿಸಲಿಗೆ ಹಚ್ಚೂದೋ, ಬಿಸಲ ಹಚ್ಚೂದೋ?"

ಅವಳು ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಜಗಳವಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೆಳಗ್ಗೆ ನಾನೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಉರಿ ಇಳಿಯುತ್ತದೆ, ಕಲೆ ಮಾತ್ರ ಇನ್ನಷ್ಟು ಕಪ್ಪಾಗಬಹುದು ಎಂದರು. ಆಮೇಲೆ ಡಬ್ಬಿ ಮೂಸಿ, ಇದನ್ನು ಮಾಡಿದವರು ಯಾರು ಎಂದು ಕೇಳಿದರು. "ನಮ್ಮ ಊರ ಕಡೆಯವರೊಬ್ಬರು" ಎಂದೆ. ಯಲ್ಲವ್ವ ನನ್ನ ಮುಖ ನೋಡಿದಳು.

ಈ ಕ್ರೀಮು ಮಾರಿದರೆ ನಾನು ಕೆಲಸ ಬಿಡುತ್ತೇನೆ ಎಂದು ರಘುಬಾಬರಿಗೆ ಹೇಳಿದೆ. ನನಗೆ ಬೇರೆ ಕೆಲಸ ಸಿಗದು ಎನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು, "ಹಾಗಾದರೆ ಇದು ಬೇಡ. ಇನ್ನೂ ಒಳ್ಳೆಯ ಗಿಡ ಹುಡುಕು" ಎಂದರು.

ಹತ್ತು ದಿನಗಳ ನಂತರ ಒಂದು ಭಾನುವಾರ, ಕ್ಷಮೆ ಕೇಳೋಣವೆಂದು ಕೋಲ್ವಾಕ್ಕೆ ಹೋದೆ. ಯಲ್ಲವ್ವನ ಬುಟ್ಟಿಯಲ್ಲಿ ಈಗ ಮಣಿಸರಕ್ಕಿಂತ ತಾಳೆಗರಿಯ ಟೊಪ್ಪಿಗೆಗಳೇ ಹೆಚ್ಚಾಗಿದ್ದವು. ವಿದೇಶಿ ಹೆಂಗಸೊಬ್ಬಳ ಮುಂದೆ ತನ್ನ ಸಿಪ್ಪೆ ಸುಲಿದ ಮೂಗು ತೋರಿಸುತ್ತ, "ಕ್ರೀಮ್ ನೋ ಗುಡ್ ಮ್ಯಾಡಮ್. ಸೀ" ಎನ್ನುತ್ತಿದ್ದಳು. ಹೆಂಗಸು ಮೂಗು ನೋಡಿ ಗಾಬರಿಯಾಗಿ ಎರಡು ಟೊಪ್ಪಿಗೆ ಕೊಂಡಳು.

ನನ್ನನ್ನು ಕಂಡು ಯಲ್ಲವ್ವ ನಕ್ಕಳು. "ಗಿರಾಕಿ ಭಾಳ ಬರಾಕತ್ತಾವ್ರಿ ಸರ್ರ. ನಿಮ್ಮ ಹೆಸರ ಯಾರಿಗೂ ಹೇಳಿಲ್ಲ, ಹೆದರಬ್ಯಾಡ್ರಿ."

"ಕೆನ್ನಿ ಹೆಂಗೈತಿ?" ಎಂದೆ.

"ಕಲಿ ಹಂಗ ಅದಾವ್ರಿ. ಇನ್ನ ಹೋಗೂದಿಲ್ಲ ಬಿಡ್ರಿ." ಅಷ್ಟು ಹೇಳಿ ಒಂದು ಟೊಪ್ಪಿಗೆ ತೆಗೆದು ನನ್ನ ತಲೆಗಿಟ್ಟಳು. "ತಾಳಿಗರೀದ್ರಿ ಇದು. ನಿಮ್ಮ ತಲಿಗೂ ಸ್ವಲ್ಪ ತಂಪ ಬೇಕು."

ಕ್ಷಮೆ ಕೇಳಲು ಹೋದವನು ಟೊಪ್ಪಿಗೆ ಹಾಕಿಕೊಂಡು ಮರಳಿದೆ. ಮರುದಿನ ಸುಮ್ಮನೆ ಕುತೂಹಲಕ್ಕೆ ಅದರ ಅಂಚನ್ನು ಯಂತ್ರದೊಳಗೆ ಹಿಡಿದೆ. ಕಿರಣಗಳು ಅಲ್ಲೇ ನಿಂತವು. ತಿಂಗಳುಗಳಿಂದ ನಾನು ಕಾಯುತ್ತಿದ್ದ ಅಂಕಿಯನ್ನು ಯಂತ್ರ ಮೊದಲ ಸಲ ತೋರಿಸಿತು. ರಘುಬಾಬರಿಗೆ ಇದರಿಂದಲಾದರೂ ಅರ್ಥವಾದೀತೆಂದು ಟೊಪ್ಪಿಗೆಯನ್ನು ಅವರ ಮೇಜಿನ ಮೇಲಿಟ್ಟು, ಗಿಡದ್ದೇ ಬೇಕೆಂದರೆ ಕಿರಣ ತಡೆಯುವುದು ಇದು ಎಂದೆ.

ಅವರು ಅದನ್ನು ತಿರುಗಿಸಿ ನೋಡಿದರು, ಬೆರಳಿನಿಂದ ಬಡಿದರು, ಮೂಸಿದರು. ಅವರ ಕಣ್ಣು ನಿಧಾನವಾಗಿ ಬೆಳಗಿತು.

"ಇದನ್ನು ಅರೆದು ಕ್ರೀಮಿಗೆ ಹಾಕಲು ಬರುತ್ತದೆಯೇ?"

ಬರುವುದಿಲ್ಲ ಎನ್ನಲೆಂದೇ ಬಾಯಿ ತೆರೆದೆ. ಹಾಳು ನಾಲಿಗೆ, "ನೋಡೋಣ ಬಾಬ" ಎಂದುಬಿಟ್ಟಿತು. ಈಗ ಟೊಪ್ಪಿಗೆ ಮಿಕ್ಸರಿನ ಪಕ್ಕದಲ್ಲಿದೆ. ನಾನು ಕತ್ತರಿ ಹುಡುಕುತ್ತಿದ್ದೇನೆ.