ನಳಿಗೆ ಬಿಚ್ಚಿದ ನವಮಿ

ಬಂದೂಕು ರಿಪೇರಿ ಮಾಡುವ ಹೆಂಗಸಿನ ಬಾಳಿನಲ್ಲಿ ಬರೀ ಗಂಭೀರ ಸಂಗತಿಗಳೇ ನಡೆಯುತ್ತವೆ ಅಂತ ಯಾರಾದರೂ ತಿಳಿದಿದ್ದರೆ, ಅವರು ಒಮ್ಮೆ ಡೊಂಬಿವಲಿಯ ನಮ್ಮ ಮನೆಗೆ ಬರಬೇಕು. ಥಾಣೆಯ ಒಂದು ರೈಫಲ್ ಕ್ಲಬ್ಬಿನಲ್ಲಿ ಏರ್ ರೈಫಲ್‌ಗಳನ್ನು ಬಿಚ್ಚಿ, ಒರೆಸಿ, ಜೋಡಿಸುವುದು ನನ್ನ ಉದ್ಯೋಗ. ಅಲ್ಲಿ ಎಲ್ಲ ಸುಸೂತ್ರ. ಮನೆಯವರು ಕೈ ಹಾಕಿದರೋ, ಕತೆ ಮುಗಿಯಿತು. ಹೋದ ನವರಾತ್ರಿಯಲ್ಲಿ ಒಂದೇ ಒಂದು ನಳಿಗೆ ಬಿಚ್ಚಲಿಕ್ಕೆ ನಾನು ಪಟ್ಟ ಪಾಡು ಆ ದೇವಿಗೇ ಗೊತ್ತು.

೧. ವೀಣೆ

ಮಗಳಿಗೆ ವಿಜಯದಶಮಿ ಬೆಳಿಗ್ಗೆ ನವಿ ಮುಂಬಯಿಯಲ್ಲಿ ಶೂಟಿಂಗಿನ ಜಿಲ್ಲಾ ತಂಡದ ಆಯ್ಕೆ ಇತ್ತು. ವರ್ಷವಿಡೀ ಅದಕ್ಕೇ ಕಾದಿದ್ದವಳು. ಹಿಂದಿನ ದಿನ, ನವಮಿ ಬೆಳಿಗ್ಗೆ, ಕ್ಲಬ್ಬಿನಲ್ಲಿ ಒಮ್ಮೆ ಒರೆಸಿ ತರೋಣ ಅಂತ ಅವಳ ರೈಫಲ್ಲನ್ನು ಉದ್ದದ ಪೆಟ್ಟಿಗೆಯಲ್ಲಿಟ್ಟು ನಾನು ಡೊಂಬಿವಲಿ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿ, ಕಾಲಿಡಲು ಜಾಗ ಇಲ್ಲ. ಮಡಿಲಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದ ಹೆಂಗಸೊಬ್ಬಳು ಪೆಟ್ಟಿಗೆ ನೋಡಿ, "ವೀಣೆಯಾ?" ಅಂತ ಹಿಂದಿಯಲ್ಲಿ ಕೇಳಿದಳು.

ತುಂಬಿದ ಟ್ರೇನಿನಲ್ಲಿ "ಅಲ್ಲ, ಬಂದೂಕು" ಅನ್ನಲಿಕ್ಕೆ ನನಗೇನು ಹುಚ್ಚಾ? ಹೌದು ಅಂದೆ.

"ಏ, ಸರಸ್ವತಿ ಬಂದಿದ್ದಾಳೆ, ಜಾಗ ಬಿಡ್ರೇ!" ಅಂತ ಆಕೆ ಇಡೀ ಡಬ್ಬಿಗೆ ಕೂಗಿ, ಪೆಟ್ಟಿಗೆಯನ್ನು ಭಕ್ತಿಯಿಂದ ಮೇಲಿನ ರ‍್ಯಾಕಿನಲ್ಲಿ ಇಡಿಸಿದಳು. ಥಾಣೆ ಬರುತ್ತಲೇ ಇಳಿಯುವವರ ನೂಕುನುಗ್ಗಲಿನಲ್ಲಿ ಸರಸ್ವತಿ ಧಡ್ ಅಂತ ಮೂತಿ ಅಡಿಯಾಗಿ ಬಿದ್ದಳು. ನಾನು ಪೆಟ್ಟಿಗೆಯನ್ನು ತಬ್ಬಿಕೊಂಡು ಅಳುಮೋರೆ ಮಾಡಿದೆ.

ಬಟಾಣಿಯವಳು ಬೆನ್ನು ಸವರಿ ಸಮಾಧಾನ ಮಾಡಿದಳು. "ಅಳಬೇಡ ಬಾಯಿ, ಎರಡು ತಂತಿ ಹೊಸದು ಹಾಕಿಸಿದರೆ ಮತ್ತೆ ಹಾಡ್ತದೆ."

೨. ಲೀಕೇಜ್ ಎಲ್ಲಿದೆ?

ಕ್ಲಬ್ಬಿನಲ್ಲಿ ನೋಡಿದರೆ ನಳಿಗೆ ಬಾಗಿತ್ತು. ಸಣ್ಣ ಬಾಗು, ಆದರೆ ಗುರಿ ಹೊಡೆಯುವವರಿಗೆ ಅಷ್ಟೇ ಸಾಕು, ಬಾಳು ಹಾಳಾಗಲಿಕ್ಕೆ. ಹಬ್ಬಕ್ಕೆ ಕ್ಲಬ್ಬು ಮುಚ್ಚುತ್ತಿದ್ದರು. ಬೇರೊಂದು ನಳಿಗೆ ಕೇಳಿ ತೆಗೆದುಕೊಂಡು ಮನೆಗೆ ಬಂದೆ.

ನಮ್ಮವರು ಘೋಡಬಂದರ್ ರಸ್ತೆಯ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಲೋಕದ ಯಾವ ಸಮಸ್ಯೆಗೂ ಹೋಟೆಲಿನ ಅಡುಗೆಮನೆಯಲ್ಲಿ ಸಲಕರಣೆ ಉಂಟು ಅಂತ ಅವರ ನಂಬಿಕೆ. ಸುದ್ದಿ ಕೇಳಿದ್ದೇ ಒಂದು ಚೀಲ ಹೊತ್ತು ಬಂದರು. ಒಳಗೆ ಸುತ್ತಿಗೆ, ಗ್ಯಾಸಿನವರ ಪೈಪ್ ಪಾನಾ, ಇಡ್ಲಿ ತಟ್ಟೆ ಎತ್ತುವ ಇಕ್ಕಳ.

"ಇದೆಲ್ಲ ಎಂತಕ್ಕೆ?" ಅಂದೆ.

"ನಳಿಗೆ ತೆಗೀಲಿಕ್ಕೆ ಮಾರಾಯ್ತಿ. ನಾನು ಇಕ್ಕಳದಲ್ಲಿ ಹಿಡೀತೇನೆ, ನೀನು ಬಡಿ."

"ರೀ, ಪೈಪ್ ಪಾನಾ ಹಾಕಿದರೆ ನಳಿಗೆಗೆ ಹಲ್ಲು ಕಚ್ತದೆ. ಸುತ್ತಿಗೆ ಅಂತೂ ಹತ್ತಿರ ತರಲೇ ಬೇಡಿ. ಎರಡು ಪುಟ್ಟ ಸ್ಕ್ರೂ ಉಂಟು. ಅದರ ಗುಳಿಯಲ್ಲಿ ಸರಿಯಾಗಿ ಕೂರುವ ಒಂದೇ ಒಂದು ಅಲನ್ ಕೀ ಸಾಕು. ಒಂಚೂರು ಸಣ್ಣದು ಹಾಕಿದರೂ ಗುಳಿ ಸವೆದು ಹೋಯ್ತು ಅಂತ ಲೆಕ್ಕ."

ಬೆರಳುದ್ದದ ಬಾಗಿದ ಕಡ್ಡಿ ತೋರಿಸಿದೆ. ಅವರಿಗೆ ಅವಮಾನವೇ ಆಯಿತು. "ಇಷ್ಟು ದೊಡ್ಡ ಬಂದೂಕಿಗೆ ಇಷ್ಟು ಸಣ್ಣ ಕೀಯಾ? ನಿನಗೆ ಗೊತ್ತಾಗುವುದಿಲ್ಲ" ಅಂತ ಹೇಳಿ ನಮ್ಮ ಹೌಸಿಂಗ್ ಸೊಸೈಟಿಯ ಪ್ಲಂಬರನನ್ನೇ ಕರೆಸಿದರು.

ಅವನು ರೈಫಲ್ಲನ್ನು ತುದಿಯಿಂದ ಬುಡದವರೆಗೆ ನೋಡಿದ, ನಳಿಗೆಯ ಬಾಯಿಗೆ ಬೆರಳಿಟ್ಟ, ಮೂಸಿದ, ತಲೆ ಕೆರೆದುಕೊಂಡ. ಆಮೇಲೆ ಕೇಳಿದ, "ಭಾಭೀ, ಇಸ್ ಮೇ ಲೀಕೇಜ್ ಕಿಧರ್ ಹೈ?"

೩. ಮೆಟ್ಟುಕತ್ತಿಗೂ ರಜೆ

ಪ್ಲಂಬರನನ್ನು ಸಾಗಹಾಕಿ ಬರುವಷ್ಟರಲ್ಲಿ ನನ್ನ ಅಲನ್ ಕೀಗಳೇ ಮಾಯ! ಹುಡುಕಿದರೆ ದೇವರ ಮುಂದೆ, ಬಾಳೆಲೆಯ ಮೇಲೆ, ಸಾಲಾಗಿ ಕುಂಕುಮ ಹಚ್ಚಿಕೊಂಡು ಮಲಗಿವೆ. ಪಕ್ಕದಲ್ಲಿ ತರಕಾರಿ ಹೆಚ್ಚುವ ಮೆಟ್ಟುಕತ್ತಿ, ಕತ್ತರಿ, ಇವರು ತಂದ ಇಕ್ಕಳ. ಎಲ್ಲದರ ಮೇಲೂ ಒಂದೊಂದು ಸೇವಂತಿಗೆ. ಅತ್ತೆ ಆಯುಧಪೂಜೆ ಮುಗಿಸಿಯೇ ಬಿಟ್ಟಿದ್ದರು.

ನಮ್ಮ ಊರಿನ ಕಟ್ಟಳೆ ನಿಮಗೆ ಗೊತ್ತುಂಟಲ್ಲ. ಪೂಜೆಗೆ ಇಟ್ಟ ಮೇಲೆ ಆಯುಧಕ್ಕೆ ವಿಶ್ರಾಂತಿ. ಮರುದಿನ ಪೂಜೆ ಆಗುವವರೆಗೆ ಅದು ಕೆಲಸ ಮಾಡುವ ಹಾಗಿಲ್ಲ. ಮರುದಿನದ ಪೂಜೆ ಒಂಬತ್ತಕ್ಕೆ, ಮಗಳು ಮನೆ ಬಿಡಬೇಕಾದದ್ದು ಐದಕ್ಕೆ.

"ಅತ್ತೇ, ಒಂದೇ ಒಂದು ಕೀ" ಅಂದೆ.

"ಮೆಟ್ಟುಕತ್ತಿಗೆ ಒಂದು ನ್ಯಾಯ, ನಿನ್ನ ಕೀಗೆ ಒಂದು ನ್ಯಾಯವಾ? ನಾನು ಬದನೆಕಾಯಿ ಇಡಿಯಾಗಿ ಬೇಯಿಸಲಿಲ್ಲವಾ?"

ಅದು ನಿಜವೇ. ಮೆಟ್ಟುಕತ್ತಿ ಬೆಳಿಗ್ಗೆಯೇ ಪೂಜೆಗೆ ಕೂತಿದ್ದರಿಂದ ಮಧ್ಯಾಹ್ನ ಇಡೀ ಬದನೆ, ಇಡೀ ಈರುಳ್ಳಿ ತೇಲುವ ಸಾಂಬಾರು ಉಂಡಿದ್ದೆವು. ಅಂಬರನಾಥದ ಪರಿಚಯದ ಲೇತ್ ಮಿಷನ್ನಿನವನಿಗೆ ಫೋನು ಮಾಡಿದೆ. "ಮಿಷನ್ನಿಗೇ ಹಾರ ಹಾಕಿ ಆಯ್ತು ತಾಯಿ." ಹಾರ್ಡ್‌ವೇರ್ ಅಂಗಡಿಗೆ ಓಡಿದೆ. ಅಲ್ಲಿ ಸಾಮಾನಿನ ಮೇಲೆಲ್ಲ ಚೆಂಡು ಹೂವಿನ ರಾಶಿ.

ಬರಿಗೈಯಲ್ಲಿ ಬಂದಾಗ ಮಗಳು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅದನ್ನು ನೋಡಿ ಅತ್ತೆಯೂ ಮೂಗು ಸೀಟಿಕೊಂಡರು. ಆದರೂ ಕೀ ಕೊಡಲಿಲ್ಲ, ಮೊಮ್ಮಗಳಿಗೆ ತಿನ್ನಲಿಕ್ಕೆ ಒಂದು ಇಡೀ ಸೌತೆಕಾಯಿ ಕೊಟ್ಟರು.

೪. ಬಲಕ್ಕೆ, ಬಲಕ್ಕೆ!

ಮನೆಯಲ್ಲೂ ಹಿಂದಿಯನ್ನೇ ಮಾತಾಡುವ ಮಗಳು ಸೌತೆಕಾಯಿ ಕಡಿಯುತ್ತಲೇ ಕೇಳಿದಳು, "ಅಜ್ಜೀ, ಕೀ ಘೂಮ್‌ನಾ ನಹೀ ಚಾಹಿಯೇ, ಬಸ್ ಇತನಾ ಹೀ ನಾ? ಔರ್ ಬಂದೂಕ್ ಘೂಮೇಗೀ ತೋ?"

ಕೀ ತಿರುಗಬಾರದು ಅಷ್ಟೇ ತಾನೇ, ಬಂದೂಕೇ ತಿರುಗಿದರೆ ಅಂತ ಅವಳ ಪ್ರಶ್ನೆ. ಅತ್ತೆ ಕಟ್ಟಳೆಯ ಲೆಕ್ಕ ಹಾಕಿದರು. ಬಂದೂಕು ಪೂಜೆಗೆ ಇಟ್ಟದ್ದಲ್ಲ. ಅದು ಬೇಕಾದರೆ ತಿರುಗಲಿ, ಕುಣಿಯಲಿ. ಕೀ ಮಾತ್ರ ದೇವರೆದುರು ತಿರುಗಬಾರದು. "ನಾನೇ ಹಿಡೀತೇನೆ" ಅಂತ ಎದ್ದರು.

ಕೀಯ ಗಿಡ್ಡ ತುದಿ ಮೇಲೆ ಮಾಡಿ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಂತರು. ನಾವು ಮೂವರು ರೈಫಲ್ಲನ್ನು ಮಗುಚಿ ಹೊತ್ತು, ಸ್ಕ್ರೂವನ್ನು ಕೀಯ ಮೇಲೆ ಕೂರಿಸಿ, ಸಡಿಲಾಗುವ ಕಡೆಗೆ, ಎಂದರೆ ಎಡಕ್ಕೆ, ಸುತ್ತಲು ಶುರುಮಾಡಿದೆವು.

ಅತ್ತೆಯ ಒಂದು ಕಣ್ಣು ತೆರೆಯಿತು. "ಅಯ್ಯಯ್ಯೋ, ಅಪ್ರದಕ್ಷಿಣೆ! ದೇವರೆದುರು ಉಲ್ಟಾ ಸುತ್ತುತ್ತೀರಾ? ಬಲಕ್ಕೆ, ಬಲಕ್ಕೆ!"

"ಬಲಕ್ಕೆ ಸುತ್ತಿದರೆ ಬಿಗಿ ಆಗ್ತದೆ ಅತ್ತೇ!"

"ಆಗಲಿ! ಎಡಕ್ಕೆ ಆಗ್ಲಿಕ್ಕಿಲ್ಲ!"

ನಾನು ಅಳುವುದೊಂದು ಬಾಕಿ. ಆಗ ತಲೆ ಓಡಿತು. ಬಂದೂಕು ಕೆಳಗೆ, ಕೀ ಮೇಲೆ ಬಂದರೆ ಎಲ್ಲ ತಿರುವುಮುರುವು! ಬಲಕ್ಕೆ ಸುತ್ತಿದರೇ ಸಡಿಲ! ಅತ್ತೆಯನ್ನು ಮಣೆಯ ಮೇಲೆ ನಿಲ್ಲಿಸಿ, ಕೀಯನ್ನು ಕೆಳಮುಖ ಹಿಡಿಸಿ, ಅದರಡಿ ರೈಫಲ್ಲನ್ನು ಹೊತ್ತು ಸುತ್ತಿದೆವು. ಡೊಂಬಿವಲಿಯ ಫ್ಲಾಟಿನಲ್ಲಿ ಪೂರ್ತಿ ಸುತ್ತಲು ಜಾಗ ಎಲ್ಲಿಯದು? ಕಾಲು ಸುತ್ತು, ಇಳಿಸು, ಮತ್ತೆ ಕೂರಿಸು. ಇವರ ಹೊಟ್ಟೆ ಫ್ರಿಜ್ಜಿಗೆ ಸಿಕ್ಕಿಕೊಂಡಿತು, ಬಂದೂಕಿನ ಹಿಡಿ ನನ್ನ ಹಣೆಗೆ ಬಡಿಯಿತು, ಮಗಳು ನಗುತ್ತ ಕೂತೇ ಬಿಟ್ಟಳು. ಅತ್ತೆಯ ಕೈ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

ಹಳೆಯ ನಳಿಗೆ ಹೊರಗೆ ಬಂತು! ಹೊಸದನ್ನು ಬಿಗಿ ಮಾಡಲು ಮತ್ತೆ ಬಂದೂಕು ಮೇಲೆ, ಕೀ ಕೆಳಗೆ, ಮತ್ತೆ ಬಲಕ್ಕೇ ಸುತ್ತು.

ಬೆಳಿಗ್ಗೆ ಮಗಳು ಅಪ್ಪನ ಜೊತೆ ಹೋದಳು. ನಾನು ಬಂದರೆ ಅವಳ ಗುರಿ ತಪ್ಪುತ್ತದಂತೆ. ಮಧ್ಯಾಹ್ನದವರೆಗೆ ನಾನು ಫೋನಿನ ಪಕ್ಕದಲ್ಲೇ ಕೂತಿದ್ದೆ. ಕಡೆಗೆ ಫೋನು ಬಂತು, "ಅಮ್ಮಾ, ಸೆಲೆಕ್ಷನ್ ಹೋ ಗಯಾ!" ನಾನು ಗಳಗಳ ಅತ್ತುಬಿಟ್ಟೆ.

ಅತ್ತೆ ಫೋನು ಕಸಿದುಕೊಂಡು ಮೊದಲು ಕೇಳಿದ್ದೇನು ಗೊತ್ತುಂಟಾ? "ಗುಂಡು ಹೊಡೆಯುವ ಮೊದಲು ಬಂದೂಕಿಗೆ ಅಲ್ಲೂ ಒಂದು ಪ್ರದಕ್ಷಿಣೆ ಹಾಕಿಸಿದೆಯಾ ಮಗಾ?"

"ಅಜ್ಜೀ! ಇಲ್ಲಿ ಬಂದೂಕು ಹಾಗೆ ತಿರುಗಿಸಿದರೆ ಹೊರಗೇ ಹಾಕ್ತಾರೆ!" ನಮ್ಮ ಮಗಳು ಗಾಬರಿಯಲ್ಲಿ ಕನ್ನಡವನ್ನೇ ಮಾತಾಡಿಬಿಟ್ಟಳು.

ಅತ್ತೆ ನನ್ನ ಕಡೆ ತಿರುಗಿ ಗತ್ತಿನಿಂದ ಹೇಳಿದರು, "ನೋಡಿದೆಯಾ? ಅದಕ್ಕೇ ನಾನು ಮನೆಯಲ್ಲೇ ಮುಗಿಸಿ ಕಳಿಸಿದ್ದು."