ಶೆಟ್ಲಿ ಕಳ್ಳರೂ ಕುರುಡು ಕ್ಯಾಮೆರಾವೂ

ಕಲಿಸುವವರಿಗೆಲ್ಲ ಕೆಲಸವೂ ಬರುತ್ತದೆ ಎಂದು ನಂಬಿದವರಿಗೆ ನಮ್ಮ ಮನೆಯ ಕರೆಗಂಟೆಯನ್ನು ತೋರಿಸಬೇಕು. ನಾನು ಕಾರವಾರದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮಾಸ್ತರ. ಅಂಕೋಲೆಯ ನಮ್ಮ ಮನೆಗೆ ಬಂದವರು ಮಾತ್ರ ಬಾಗಿಲು ಬಡಿದೇ ಒಳಬರುತ್ತಾರೆ. ಗಂಟೆಯನ್ನು ನಾನೇ ಒಮ್ಮೆ ರಿಪೇರಿ ಮಾಡಿದ್ದೆ, ಅಲ್ಲಿಂದ ಅದು ಮೌನವ್ರತ ಹಿಡಿದಿದೆ. ಇಂಥವನು ಕಳ್ಳರನ್ನು ಹಿಡಿಯಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಎರಡು ಸಾವಿರದ ಒಂಬತ್ತರ ಬೇಸಿಗೆ. ಮಳೆಗಾಲಕ್ಕೆಂದು ನನ್ನ ತಾಯಿ, ನಮ್ಮ ಕಡೆಯ ಮಾತಿನಲ್ಲಿ ಆಯಿ, ಅಂಗಳದ ಚಾಪೆಯ ಮೇಲೆ ಒಣಗಿಸುತ್ತಿದ್ದ ಶೆಟ್ಲಿ, ಅಂದರೆ ಸಣ್ಣ ಸಿಗಡಿ, ದಿನಕ್ಕೊಂದು ಹಿಡಿ ಕಡಿಮೆಯಾಗತೊಡಗಿತು. ಆಯಿಯ ಸಂಶಯ ನೆರೆಮನೆಯ ಗಿರಿಜಕ್ಕನ ಮೇಲೆ. ಗಿರಿಜಕ್ಕ ಪೇಟೆಯಲ್ಲಿ ಮೀನು ಮಾರುವವಳು, ಆ ಶೆಟ್ಲಿಯನ್ನು ನಮಗೆ ಮಾರಿದವಳೂ ಅವಳೇ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಬೇಲಿ ದಾಟುವ ದಣಪೆಯ ಬಳಿ ನಿಂತು ಹರಟುತ್ತಿದ್ದ ಇಬ್ಬರ ನಡುವೆ ಮಾತು ನಿಂತುಹೋಯಿತು. ನಾನು ಸುಮ್ಮನಿರಬೇಕಾಗಿತ್ತು. “ಆಯಿ, ನಾ ಕ್ಯಾಮೆರಾ ಇಡ್ತೆ. ಕಳ್ರ ಫೋಟೋನೇ ಬತ್ತದೆ” ಎಂದುಬಿಟ್ಟೆ.

ಫೋಟೋ ತೆಗೆಯುವ ಒಳ್ಳೆಯ ಕ್ಯಾಮೆರಾ ಕಪಾಟಿನಲ್ಲೇ ಇತ್ತು. ಆದರೆ ಅದರ ಗುಂಡಿಯನ್ನು ಯಾರು ಬೇಕಾದರೂ ಒತ್ತಬಹುದು. ಅದರಲ್ಲಿ ಮಾಸ್ತರನ ಹೆಚ್ಚುಗಾರಿಕೆ ಏನು? ಹವ್ಯಾಸಿಗಳಿಗೆಂದೇ ಮಾರುವ, ಬಿಸ್ಕತ್ತಿನಷ್ಟಗಲದ ಮೈಕ್ರೋಕಂಟ್ರೋಲರ್ ಬೋರ್ಡನ್ನೂ ಹುಣಿಸೆಬೀಜದಷ್ಟು ಕಣ್ಣಿನ ಕ್ಯಾಮೆರಾ ಮಾಡ್ಯೂಲನ್ನೂ ಅಂಚೆಯಲ್ಲಿ ತರಿಸಿದೆ. ವೈರುಗಳನ್ನೆಲ್ಲ ಜೋಡಿಸಿ ಕಂಪ್ಯೂಟರಿಗೆ ಸಿಕ್ಕಿಸಿದರೆ, ಕ್ಯಾಮೆರಾ ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ನನ್ನ ಕೈಯಲ್ಲಿರುವುದು ಅದಕ್ಕೆ ಸಿಗುತ್ತಿಲ್ಲ! ಮಾಡ್ಯೂಲ್ ಮಾಡಿದವರ ಮೂರು ತಲೆಮಾರನ್ನು ವಾರವಿಡೀ ಬೈದ ಮೇಲೆ ಎರಡು ವೈರು ಅದಲುಬದಲಾಗಿದ್ದು ಕಂಡಿತು. ಅದಲುಬದಲು ಮಾಡಿದವನ ತಲೆಮಾರನ್ನು ಬೈಯಲಿಲ್ಲ. ಅದರಲ್ಲಿ ಆಯಿಯೂ ಬರುತ್ತಾಳೆ.

ಆಮೇಲೆ ಚಿತ್ರ ಬಂತು, ಬರೀ ಹಸಿರು ಪಟ್ಟೆ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಇದೇ ತೊಂದರೆಯಿದ್ದ ಒಬ್ಬ ಪುಣ್ಯಾತ್ಮ ‘ಸರಿಹೋಯಿತು, ಎಲ್ಲರಿಗೂ ಧನ್ಯವಾದ’ ಎಂದಷ್ಟೇ ಬರೆದು, ಹೇಗೆ ಸರಿಹೋಯಿತೆಂದು ಹೇಳದೆ ನಾಪತ್ತೆಯಾಗಿದ್ದ. ಇಂಥವರಿಗೆ ನರಕದಲ್ಲಿ ಬೇರೆಯೇ ಕೋಣೆ ಇರಬೇಕು. ಹೆಂಡತಿ ಶೈಲಾಳ ಅಣ್ಣ, ನಮ್ಮ ಭಾವ, ಮಲ್ಲಾಪುರದ ವಿದ್ಯುತ್ ಸ್ಥಾವರದ ಕ್ವಾರ್ಟರ್ಸಿನಿಂದ ಬಂದವರು ಬೋರ್ಡನ್ನು ಮುಟ್ಟದೆಯೇ “ಅರ್ಥಿಂಗ್ ಪ್ರಾಬ್ಲೆಮ್ಮು” ಎಂದು ತೀರ್ಪು ಕೊಟ್ಟು, ನಾಲ್ಕು ಹುರಿದ ಬಂಗಡೆ ತಿಂದು ಹೋದರು. ಅವರ ಲೆಕ್ಕದಲ್ಲಿ ಲೋಕದ ಸಕಲ ದುಃಖಕ್ಕೂ ಅರ್ಥಿಂಗೇ ಮೂಲ. ಕೊನೆಗೆ ಶೈಲಾ, “ವೈರು ಇಷ್ಟುದ್ದ ಎಂತಕ್ಕೆ? ದನ ಕಟ್ಟೂಕೋ?” ಎಂದಳು. ಗಿಡ್ಡ ಮಾಡಿದೆ. ಪಟ್ಟೆ ಹೋಯಿತು. ಅವಳು ನಗಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು.

ಒಂದು ಭಾನುವಾರ ಮಧ್ಯಾಹ್ನ ಕಿಟಕಿಯಲ್ಲಿ ಕೂತ ನನ್ನ ಕ್ಯಾಮೆರಾ ಅಂಗಳದ ಮೊದಲ ಚಿತ್ರ ಕೊಟ್ಟಿತು. ಗಂಜಿಯಲ್ಲಿ ಅದ್ದಿ ತೆಗೆದಂತೆ ಮಸುಕು. ಆದರೂ ಚಾಪೆಯ ಪಕ್ಕದಲ್ಲಿ ಉದ್ದಕ್ಕೆ ನೀಲಿಯಾದದ್ದೊಂದು ನಿಂತಿತ್ತು. ಗಿರಿಜಕ್ಕ ನೀಲಿ ಸೀರೆ ಉಡುತ್ತಾಳೆ. “ಅದೇ, ಅವಳೇ!” ಎಂದಳು ಆಯಿ. ತಿಂಗಳ ಶ್ರಮಕ್ಕೆ ಫಲ ಬೇಕಾಗಿದ್ದ ನಾನು, “ಹೌದು, ಅವಳ ಹಾಗೇ ಕಾಣ್ತದೆ” ಎಂದೆ. ಆಯಿ ಅಂಗಳಕ್ಕಿಳಿದು ಕೇರಿಗೆಲ್ಲ ಕೇಳುವಂತೆ ಅದನ್ನು ಸಾರಿದಳು.

ಐದೇ ನಿಮಿಷದಲ್ಲಿ ಗಿರಿಜಕ್ಕ ದಣಪೆ ದಾಟಿ ಬಂದಳು. “ಎಂತಾ ಮಾಸ್ತರ್ರೇ, ನನ್ನ ಫೋಟೋ ತೆಗ್ದ್ರಂತೆ? ತೋರ್ಸಿ ನೋಡ್ವಾ.” ತೋರಿಸಿದೆ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ನಾ ಮಾರಿದ್ದ ಶೆಟ್ಲಿ ನಾನೇ ಕದ್ದು ಎಂತಾ ಮಾಡ್ಲಿ? ತಿರ್ಗಿ ನಿಮ್ಗೇ ಮಾರ್ಲೋ?” ಎಂದವಳು ಕ್ಯಾಮೆರಾದ ಕಡೆ ಬೆರಳು ಮಾಡಿದಳು. “ಇದ್ರ ಕಣ್ಣು ತಿರ್ಗಿಸಿ ನೋಡಿದ್ರೋ? ನಮ್ಮನೆಯವ್ರು ಬೋಟಿನ ಮೇಲೆ ದುರ್ಬೀನು ತಿರ್ಗಿಸ್ದೆ ನೋಡಿದ್ರೆ ಗುಡ್ಡನೂ ಹಡಗೇ.”

ಲೆನ್ಸ್ ತಿರುಗುತ್ತದೆ ಎಂಬುದೇ ನನಗೆ ಹೊಳೆದಿರಲಿಲ್ಲ. ಮಾಡ್ಯೂಲಿನ ಮೂವತ್ತು ಪುಟದ ವಿವರಣೆ ಓದಿದ್ದೆ, ಕೋಡ್ ನಾಲ್ಕು ಸಲ ಬರೆದಿದ್ದೆ; ಕೈಬೆರಳಿಂದ ಮುಟ್ಟಿರಲಿಲ್ಲ. ಅವಳೆದುರೇ ಅರ್ಧ ಸುತ್ತು ತಿರುಗಿಸಿ ಮತ್ತೊಂದು ಚಿತ್ರ ತೆಗೆದೆ. ಪರದೆಯ ಮೇಲೆ ಸಾಲುಸಾಲಾಗಿ ಇಳಿಯಿತು: ಚಾಪೆ, ಬಾವಿಕಟ್ಟೆ, ತಂತಿಯ ಮೇಲೆ ಒಣಗುತ್ತಿದ್ದ ಶೈಲಾಳ ನೀಲಿ ಸೀರೆ. ತಲೆ ಎತ್ತಿ ಕಿಟಕಿಯಾಚೆ ನೋಡಿದ್ದರೂ ಸಾಕಿತ್ತು, ಸೀರೆ ಬೆಳಿಗ್ಗೆಯಿಂದ ಅಲ್ಲೇ ಇತ್ತು.

ಆಯಿ ಒಳಗೆ ಹೋಗಿ ಚಹಾಕ್ಕಿಟ್ಟಳು. ಅವಳ ಕ್ಷಮಾಪಣೆ ಅಷ್ಟೇ. ನಾನು ಮಾತ್ರ ಬಾಯಿಬಿಟ್ಟು, “ತಪ್ಪಾಯ್ತು ಗಿರಿಜಕ್ಕ” ಎಂದೆ. ಅವಳು, “ಆಯಿಗೆ ಕಣ್ಣು ಮಂಜು, ಅದಕ್ಕೆ ಹೇಳ್ತ್ರು. ನಿಮ್ಗೆ ಎಂತಾಗಿತ್ತು?” ಎಂದಳು. ಚಹಾ ಬಂತು. ಅರ್ಧ ಲೋಟ ಬಿಟ್ಟು ಎದ್ದಳು. ಪೂರ್ತಿ ಲೋಟ ಕುಡಿಯಲು ಅವಳಿಗೆ ಇನ್ನೂ ಹದಿನೈದು ದಿನ ಹಿಡಿಯಿತು. ಶೆಟ್ಲಿ ಕದ್ದವರು ಯಾರೆಂದು ಇಂದಿಗೂ ಗೊತ್ತಿಲ್ಲ.

ಮರುದಿನ ಕಾಲೇಜಿನ ಲ್ಯಾಬಿನಲ್ಲಿ ಗಂಭೀರವಾಗಿ ನಿಂತು, “ಚಿತ್ರ ಮಸುಕಾದರೆ ಕೋಡ್ ಮುಟ್ಟಬೇಡಿ, ಮೊದಲು ಲೆನ್ಸ್ ತಿರುಗಿಸಿ” ಎಂದು ಪಾಠ ಮಾಡಿದೆ. ಮುಂದಿನ ಬೆಂಚಿನ ವಿದ್ಯಾರ್ಥಿನಿ ಕಣ್ಣರಳಿಸಿ, “ಸರ್, ಇದೆಲ್ಲ ಯಾವ ಪುಸ್ತಕದಲ್ಲಿದೆ?” ಎಂದು ಕೇಳಿದಳು.

“ಪುಸ್ತಕದಲ್ಲಿ ಸಿಗೂದಿಲ್ಲ,” ಎಂದೆ, “ಅನುಭವದಿಂದ ಬರಬೇಕು.”